ಅರ್ಜಿ ಕೊಟ್ಟು ಕಾಯುವವರ ಮಾವಶಿ

ಬೆಳಗಿನ ಐದೂಮುಕ್ಕಾಲು. ಮಹಾರಾಷ್ಟ್ರದ ಉದಗೀರದ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಕಾಲೇಜೊಂದರ ಕಬ್ಬಿಣದ ಗೇಟಿಗೆ ವಿದ್ಯಾವತಿ ಭುಜ ಕೊಟ್ಟು ತಳ್ಳುತ್ತಾರೆ. ಶ್ರಾವಣದ ಮಳೆ ರಾತ್ರಿಯೆಲ್ಲ ಸುರಿದು ಈಗಷ್ಟೇ ನಿಂತಿದೆ. ಎಂಟು ಕೋಣೆ, ಎರಡು ವರಾಂಡ ಗುಡಿಸಬೇಕು, ಕುಡಿಯುವ ನೀರಿನ ಟಾಕಿ ತೊಳೆದು ತುಂಬಬೇಕು, ಎಲ್ಲವೂ ಎಂಟರೊಳಗೆ. ಆದರೂ ಅವರು ಮೊದಲು ಪೊರಕೆ ಹಿಡಿಯುವುದಿಲ್ಲ. ಕಚೇರಿಯ ಬೀಗ ತೆಗೆದು, ಗುಮಾಸ್ತರ ಮೇಜಿನ ಮೇಲಿನ ಅರ್ಜಿ ಕಟ್ಟನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡುತ್ತಾರೆ.

ಬೇರೆ ಕಾಲೇಜಿನಲ್ಲಿ ಒಂದು ವರ್ಷ ಓದಿ, ಎರಡನೆಯ ವರ್ಷಕ್ಕೆ ಇಲ್ಲಿಗೆ ಬರಬೇಕೆನ್ನುವವರ ಅರ್ಜಿಗಳು ಇವು. ಈ ಸಲ ನಲವತ್ತೊಂದು ಬಂದಿವೆ. ಖಾಲಿ ಇರುವುದು ಹನ್ನೆರಡು ಜಾಗ. ವಿದ್ಯಾವತಿ ಅಂಕಪಟ್ಟಿ ನೋಡುವುದಿಲ್ಲ. ಅವರು ನೋಡುವುದು ವಿಳಾಸ, ಫೋನ್ ನಂಬರು, ಪಾಲಕರ ಸಹಿ ಈ ಮೂರನ್ನೇ. ಒಂದು ಕಡಿಮೆಯಿದ್ದರೂ ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಂಡು, ಆ ಹುಡುಗ ಅಥವಾ ಹುಡುಗಿ ಬಂದಾಗ ವರಾಂಡದಲ್ಲೇ ಹಿಡಿದು ನಿಲ್ಲಿಸುತ್ತಾರೆ.

“ಕಾಯಂ ವಿಳಾಸ ಯಾವುದಾರೆ ಇರಲಿ. ಇವತ್ತು ಎಲ್ಲಿ ಮಲಗ್ತೀ, ಅದನ್ನ ಬರಿ ಅಂತೀನ್ರಿ. ನಗತಾರ ಹುಡುಗ್ರು. ನಕ್ಕೋತನೇ ಬರೀತಾರ.”

ವಿದ್ಯಾರ್ಥಿಗಳಿಗೆ ಅವರು ‘ಮಾವಶಿ’. ಮರಾಠಿಯಲ್ಲಿ ಹಾಗೆಂದರೆ ತಾಯಿಯ ಅಕ್ಕ ಅಥವಾ ತಂಗಿ. ಈ ಕಡೆಯ ಶಾಲೆ, ಆಸ್ಪತ್ರೆಗಳಲ್ಲಿ ಕಸಗುಡಿಸುವ ಹೆಂಗಸರನ್ನೆಲ್ಲ ಕರೆಯುವುದು ಹಾಗೆಯೇ. ವಯಸ್ಸು ನಲವತ್ತನಾಲ್ಕು. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿದ್ದಾರೆ, ಇನ್ನೂ ಹಂಗಾಮಿ. ಕಾಲೇಜಿನ ಹೆಸರು ಬರೆಯಬೇಡಿ ಎಂದು ಕೇಳಿಕೊಂಡದ್ದೂ ಅದಕ್ಕೇ.

ಅವರ ಊರು ಸಾಸ್ತೂರ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ತಂದೆ ಕಾಶೆಪ್ಪನವರಿಗೆ ಜೋಳ, ತೊಗರಿ ಬೆಳೆಯುವ ಹೊಲವಿತ್ತು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ವಿದ್ಯಾವತಿ. ಉಮರ್ಗಾದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಬಿ.ಎ. ಎರಡನೆಯ ವರ್ಷ ಓದುತ್ತಿದ್ದರು. ೧೯೯೩ರ ಸೆಪ್ಟೆಂಬರ್ ಮೂವತ್ತರ ನಸುಕಿನಲ್ಲಿ ಭೂಮಿ ನಡುಗಿತು. ಉಮರ್ಗಾದ ಆ ಕೋಣೆಯ ಗೋಡೆ ಬಿರಿಯಿತಷ್ಟೆ. ಸಾಸ್ತೂರದಲ್ಲಿ ಕಲ್ಲುಮಣ್ಣಿನ ಮನೆ ಕುಸಿದು ತಂದೆಯೂ ಹನ್ನೊಂದು ವರ್ಷದ ತಮ್ಮನೂ ಸತ್ತರು. ತಾಯಿ ದ್ರೌಪದಿಯನ್ನು ಮಧ್ಯಾಹ್ನದ ಹೊತ್ತಿಗೆ ಜೀವಂತ ಹೊರತೆಗೆದರು. ಬಲಗಾಲು ಎರಡು ಕಡೆ ಮುರಿದಿತ್ತು.

ಉದಗೀರದಲ್ಲಿದ್ದ ಸೋದರಮಾವ ಶಾಂತವೀರಪ್ಪ ಇಬ್ಬರನ್ನೂ ತಮ್ಮ ಮನೆಗೆ ಕರೆತಂದರು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಉಮರ್ಗಾಕ್ಕೆ ಹೋಗುವಂತಿರಲಿಲ್ಲ. ಓದು ಬಿಡಲು ಮನಸ್ಸಿರಲಿಲ್ಲ. ಹಳೆಯ ಕಾಲೇಜಿನಿಂದ ಟಿ.ಸಿ. ತಂದು, ಇದೇ ಕಾಲೇಜಿಗೆ ವರ್ಗ ಮಾಡಿಕೊಡಿ ಎಂದು ನವೆಂಬರ್ ಮೊದಲ ವಾರ ಅರ್ಜಿ ಹಾಕಿದರು. ಭೂಕಂಪದಲ್ಲಿ ನೊಂದವರನ್ನು ತಡವಾದರೂ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು.

ಆಮೇಲಿನದು ಕಾಯುವ ಕಾಲ. ಮೂರು ದಿನಕ್ಕೊಮ್ಮೆ ಬಂದು ಕಿಟಕಿಯಲ್ಲಿ ವಿಚಾರಿಸುತ್ತಿದ್ದರು. ಒಳಗಿದ್ದವರು ತಲೆಯೆತ್ತದೆ, ಏನಾದರೂ ಇದ್ದರೆ ಅಂಚೆಯಲ್ಲಿ ಬರುತ್ತದೆ ಎನ್ನುತ್ತಿದ್ದರು. ಡಿಸೆಂಬರ್ ಹೀಗೇ ಕಳೆಯಿತು. ಜನವರಿಯಲ್ಲಿ ಒಂದು ದಿನ, ಪ್ರವೇಶ ಮುಗಿದಿದೆ ಎಂದರು. ಯಾಕೆ ತಮಗೆ ಸಿಗಲಿಲ್ಲ ಎಂದು ಅವರು ಕೇಳಲಿಲ್ಲ. ಅಂಕ ಕಡಿಮೆಯಿರಬೇಕು, ನಾನು ಅಷ್ಟು ಜಾಣೆ ಅಲ್ಲ ಎಂದುಕೊಂಡರು. ಮರುವರ್ಷ ಅರ್ಜಿ ಹಾಕಲು ಮಾವ ಹೇಳಿದಾಗಲೂ ಒಪ್ಪಲಿಲ್ಲ. ಮೂರನೆಯ ವರ್ಷ ಅದೇ ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ ಖಾಲಿಯಿದೆ ಎಂದು ತಿಳಿದು ಬಂದು ಸೇರಿಕೊಂಡರು.

೨೦೦೪ರಲ್ಲಿ ಕಚೇರಿಗೆ ಸುಣ್ಣ ಬಳಿಸಲು ಹಳೆಯ ಕಡತಗಳನ್ನೆಲ್ಲ ಹೊರಗೆ ಹಾಕಿದರು. ಧೂಳು ಜಾಡಿಸುತ್ತಿದ್ದಾಗ ಒಂದು ಕಟ್ಟಿನಿಂದ ಕಂದು ಲಕೋಟೆ ಜಾರಿ ಬಿತ್ತು. ಮೇಲೆ ಅವರದೇ ಹೆಸರು, ಸಾಸ್ತೂರದ ವಿಳಾಸ. ಪಕ್ಕದಲ್ಲಿ ಅಂಚೆಯವನು ಕೆಂಪು ಶಾಯಿಯಲ್ಲಿ ಬರೆದಿದ್ದ: ‘ಘರ ಪಡಲೇ ಆಹೇ’. ಮನೆ ಬಿದ್ದಿದೆ.

ಕಾಲೇಜಿಗೆ ವಾಪಸು ಬಂದು ಒಡೆಯದೆ ಉಳಿದಿದ್ದ ಲಕೋಟೆಯನ್ನು ಅವರು ಅಲ್ಲೇ ಒಡೆದು ಓದಿದರು. ನಿಮಗೆ ಜಾಗವಿದೆ, ತಂದೆಯ ಸಹಿಯ ಕಡೆ ಖಾಲಿ ಬಿಟ್ಟಿದ್ದೀರಿ, ಪಾಲಕರಾಗಿ ಯಾರಾದರೂ ಸಹಿ ಮಾಡಿ ಹದಿನೈದು ದಿನದೊಳಗೆ ಕೊಡಿ ಎಂದಿತ್ತು. ಅರ್ಜಿ ಹಾಕಿದ ಆ ದಿನಗಳಲ್ಲಿ ಮಾವ ಶಾಂತವೀರಪ್ಪ ಎರಡು ಓಣಿಯಾಚೆ ಅಂಗಡಿಯಲ್ಲಿ ಕೂತಿರುತ್ತಿದ್ದರು.

“ಫಾರಮಿನ್ಯಾಗ ಸಾಸ್ತೂರ ಅಂತ ಬರದಾಕಿ ನಾನೇ ರೀ. ಊರು ಯಾವುದು ಅಂತ ಕೇಳಿದ್ರ ಮತ್ತೇನ್ ಬರೀಬೇಕು? ಕೈ ತಾನೇ ಬರೀತು. ಹನ್ನೊಂದು ವರ್ಷ ನಾ ದಡ್ಡಿ ಅಂತ ತಿಳ್ಕೊಂಡಿದ್ನಿ. ಅವ್ವಗ ಹೇಳಲಿಲ್ಲ. ಹೇಳಿದ್ರ, ತನ್ನ ಕಾಲಿನ ಸಲುವಾಗೇ ಆಯ್ತು ಅಂತ ಅಳ್ತಿದ್ಳು.”

ತಾಯಿ ೨೦೦೯ರಲ್ಲಿ ತೀರಿಕೊಂಡರು. ವಿದ್ಯಾವತಿ ಮದುವೆಯಾಗಲಿಲ್ಲ. ಅರ್ಜಿಗಳ ಮೇಲೆ ಕಣ್ಣಾಡಿಸಲು ಶುರುಮಾಡಿದ್ದು ಆ ಲಕೋಟೆ ಸಿಕ್ಕ ವರ್ಷದಿಂದ. ಇದು ನಿನ್ನ ಕೆಲಸವಲ್ಲ ಎಂದು ಮೊದಮೊದಲು ಬೈಸಿಕೊಂಡರಂತೆ. ಈಗಿನ ಗುಮಾಸ್ತ ದಿಗಂಬರ ಬೈಯುವುದಿಲ್ಲ. ಮಾವಶಿಯ ಚೀಟಿ ನೋಡದೆ ಯಾವ ಅರ್ಜಿಯನ್ನೂ ಪಕ್ಕಕ್ಕಿಡುವುದಿಲ್ಲ ಎನ್ನುತ್ತಾರೆ.

ಈ ವರ್ಷದ ನಲವತ್ತೊಂದರಲ್ಲಿ ಒಂದು ಅರ್ಜಿ ಉಮಾಶ್ರೀಯದು. ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹುಡುಗಿ, ಅಲ್ಲಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ ಮೇಲೆ ಬೇಸಿಗೆಯಲ್ಲಿ ಜಳಕೋಟಕ್ಕೆ ಮದುವೆಯಾಗಿ ಬಂದಿದ್ದಾಳೆ. ರಾಜ್ಯ ಬೇರೆ, ವಿಶ್ವವಿದ್ಯಾಲಯ ಬೇರೆ. ಕಾಗದಪತ್ರಕ್ಕೇ ಎರಡು ತಿಂಗಳು ಹಿಡಿಯಿತು. ಮೊದಲ ಪಟ್ಟಿಯಲ್ಲಿ ಹೆಸರು ಬಂದರೆ ಓದಲಿ, ಇಲ್ಲದಿದ್ದರೆ ಸುಮ್ಮನಿರಲಿ ಎಂದು ಅತ್ತೆ ಕಾಂತಾಬಾಯಿ ಹೇಳಿದ್ದರಂತೆ. ಪಟ್ಟಿ ಅಂಟಿಸುವುದು ವಿದ್ಯಾವತಿಯದೇ ಕೆಲಸ. ಹನ್ನೆರಡು ಹೆಸರಲ್ಲಿ ಉಮಾಶ್ರೀ ಇರಲಿಲ್ಲ; ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳಾಗಿದ್ದಳು. ಗಂಡ ಕೈಲಾಸ ಎರಡೂ ಪಟ್ಟಿಯನ್ನು ಓದಿ ಮೋಟಾರ್ ಸೈಕಲ್ ತಿರುಗಿಸಿದ. ಆಕೆ ಹಿಂದೆ ಕೂತಳು.

ಎಂಟು ದಿನಕ್ಕೆ ಆ ಹನ್ನೆರಡರಲ್ಲಿ ಒಬ್ಬ ಹುಡುಗ ಲಾತೂರಿನ ಕಾಲೇಜಿಗೆ ಹೊರಟುಹೋದ. ಜಾಗ ಖಾಲಿಯಾಯಿತು, ಬುಧವಾರ ಸಂಜೆಯವರೆಗೆ ಗಡುವು. ಅರ್ಜಿಯಲ್ಲಿದ್ದ ನಂಬರು ಅತ್ತೆಯದು. ನಾಲ್ಕು ಸಲ ಕರೆದರೂ ಎತ್ತಲಿಲ್ಲ. ಭಾನುವಾರ ವಿದ್ಯಾವತಿ ದಿಗಂಬರರಿಂದ ಪತ್ರ ಬರೆಸಿಕೊಂಡು ಶೇರ್ ಆಟೊದಲ್ಲಿ ಜಳಕೋಟಕ್ಕೆ ಹೋದರು. ನಾನೂ ಜೊತೆಗಿದ್ದೆ.

ಕಾಂತಾಬಾಯಿ ಒರಟು ಹೆಂಗಸಲ್ಲ. ಚಹಾ ಕೊಟ್ಟರು. ಈಗ ಸೋಯಾಬೀನ್ ಕಳೆಯ ಕೆಲಸವಿದೆ, ದಿನಾ ಉದಗೀರಕ್ಕೆ ಹೋಗಿಬರುವುದು ಆಗುವುದಲ್ಲ, ಮುಂದಿನ ವರ್ಷ ನೋಡೋಣ ಎಂದು ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಕೈಲಾಸ ನೆಲ ನೋಡುತ್ತಿದ್ದ. ಉಮಾಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ವಿದ್ಯಾವತಿ ಎದ್ದು ಹೋಗಿ ಪತ್ರವನ್ನು ಆಕೆಯ ಕೈಗೇ ಕೊಟ್ಟರು.

“ಓದು. ನಿನ್ನ ಹೆಸರೇ ಅದ. ನೀ ಬಾ, ಬಿಡು, ಅದು ನಿಮ್ಮ ಮನಿ ಮಾತು. ಆದ್ರ ನಂಗ ಸಿಗಲಿಲ್ಲ ಅಂತ ತಿಳ್ಕೋಬ್ಯಾಡ. ಸಿಕ್ಕದ.”

ಉಮಾಶ್ರೀ ಎರಡು ಸಲ ಓದಿದಳು. ಮಡಚಿ ಸೆರಗಿನೊಳಗೆ ಇಟ್ಟುಕೊಂಡು, “ಹೂಂ ಮಾವಶಿ,” ಎಂದಳು.

ಬುಧವಾರ ಐದೂವರೆಗೆ ಕಚೇರಿ ಮುಚ್ಚಬೇಕು. ವಿದ್ಯಾವತಿ ಆರೂಕಾಲಿನವರೆಗೆ ಬೀಗ ಹಾಕಲಿಲ್ಲ. ದಿಗಂಬರ ಕೂಡ ಎದ್ದು ಹೋಗಲಿಲ್ಲ. ಜಳಕೋಟದ ಕಡೆಯಿಂದ ಬಂದ ಆಟೊಗಳಿಂದ ಉಮಾಶ್ರೀ ಇಳಿಯಲಿಲ್ಲ.

ಗುರುವಾರ ಆ ಜಾಗ ಮುಂದಿನವನಿಗೆ, ದಾಳಿಂಬ ಎಂಬ ಊರಿನ ಭೀಮಾಶಂಕರನಿಗೆ ಹೋಯಿತು. ಅವನ ತಾಯಿ ಪೇಢೆಯ ಪೊಟ್ಟಣ ತಂದು ಎಲ್ಲರಿಗಿಂತ ಮೊದಲು ಮಾವಶಿಯ ಕೈಗೆ ಒಂದಿಟ್ಟರು. ವಿದ್ಯಾವತಿ ತಿಂದರು, ಹುಡುಗನ ತಲೆ ಮುಟ್ಟಿದರು. ತಾಯಿ, ಮಗ ಹೋದ ಮೇಲೆ ನನ್ನ ಕಡೆ ತಿರುಗಿ, ಇವರ ಖುಷಿಯೂ ಖರೇನೇ ಅಲ್ಲವೇ ಎಂದರು.

ನಿಮಗೇನು ಬೇಕು ಎಂದು ಹೊರಡುವಾಗ ಕೇಳಿದೆ. ಕೆಲಸ ಕಾಯಂ ಆಗಲಿ ಎನ್ನುತ್ತಾರೆಂದು ಎಣಿಸಿದ್ದೆ. ಅವರು ಕಚೇರಿಯ ಕಿಟಕಿಯ ಹೊರಗಿನ ಗೋಡೆ ತೋರಿಸಿದರು. ಕಾಯುವವರು ಕೂರಲು ಅಲ್ಲೊಂದು ಬೆಂಚು ಹಾಕಿಸಿರೆಂದು ಪ್ರಾಚಾರ್ಯರಿಗೆ ಮೂರು ಸಲ ಬರೆದುಕೊಟ್ಟಿದ್ದಾರಂತೆ, ಇನ್ನೂ ಆಗಿಲ್ಲ.

“ನಿಂತು ಕಾಯೋದು ಭಾಳ ತ್ರಾಸ್ರೀ. ಕುಂತಿದ್ರ, ಇಲ್ಲ ಅಂದ್ರೂ ಒಂದೀಟು ತಡ್ಕೋಬಹುದು.”