ಜೌರೆಶಳ ರಕ್ತಕ್ಕೆ ಒಗ್ಗಿದ ಚಿಪ್

ಅಲ್ಮಾಟಿಯ ನಮ್ಮ ಪ್ರಯೋಗಾಲಯದಲ್ಲಿ ಜೌರೆಶ್ ಅಕ್ಕನ ಕೆಲಸ ರಕ್ತವನ್ನು ತೊಳೆದು ಚಿಪ್‌ಗೆ ಹಾಯಿಸುವುದು. ಹೆಬ್ಬೆರಳಗಲದ ಗಾಜಿನ ಚಿಪ್, ಅದರಲ್ಲಿ ಕೂದಲೆಳೆಯಂಥ ಕಾಲುವೆಗಳು. ವಿದ್ಯುತ್ ಹಾಯಿಸಿದರೆ ರೋಗದೊಡನೆ ಕಾದಾಡುವ ಜೀವಕೋಶಗಳು ಒಂದು ಕಾಲುವೆಗೆ, ಉಳಿದವು ಇನ್ನೊಂದಕ್ಕೆ. ಮೊದಲ ದಿನ ರಕ್ತ ಕೊಡುವವರು ಸಿಗಲಿಲ್ಲವೆಂದು ಆಕೆ ತನ್ನದನ್ನೇ ಕೊಟ್ಟಳು. ಮಾಡಿದ ತಪ್ಪು ಅದೊಂದೇ. ಮೂರು ವರ್ಷದಿಂದ ಪ್ರತಿ ಮಂಗಳವಾರ ಅವಳ ರಕ್ತವೇ ಬೇಕು.

ಗಂಡ ದೂರದ ಅಕ್ತೊಬೆಯಲ್ಲಿ ರೈಲ್ವೆ ನೌಕರ. ಅಲ್ಲಿನ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಆದರೆ ಅವಳು ರಾಜೀನಾಮೆ ಕೊಟ್ಟಾಗಲೆಲ್ಲ, ನಾವು ಅಗಾಯ್ ಎಂದು ಕರೆಯುವ, ಪ್ರಯೋಗಾಲಯ ನಡೆಸುವ ಮೇಷ್ಟ್ರು, ಬೇರೆಯವರ ರಕ್ತಕ್ಕೆ ಈ ಚಿಪ್ ಬಗ್ಗುವುದಿಲ್ಲ ಎಂದು ಕಾಗದ ವಾಪಸು ಕೊಡುತ್ತಿದ್ದರು. ಕೊನೆಗೆ ಆಸ್ಪತ್ರೆಯವರು, ಗುರುವಾರ ಬಂದು ಸೇರದಿದ್ದರೆ ಕೆಲಸ ಬೇರೆಯವರಿಗೆ ಎಂದು ಗಡುವು ಹಾಕಿದರು. ಅಗಾಯ್ ಗೊಣಗುತ್ತಲೇ ಒಪ್ಪಿದರು: ಮಂಗಳವಾರ ಕೊನೆಯ ಸಲ ರಕ್ತ ಕೊಟ್ಟು, ಸಂಜೆಯ ರೈಲು ಹತ್ತಬಹುದು, ಗುರುವಾರಕ್ಕೆ ಅಕ್ತೊಬೆ ಮುಟ್ಟಬಹುದು.

ಕೊಬ್ಬು ತಿಂದವರ ರಕ್ತ ಹಾಲಿನಂತೆ ಮಬ್ಬಾಗುತ್ತದೆ. ಎಷ್ಟು ತೊಳೆದರೂ ಚಿಪ್‌ಗೆ ಅಂಟುತ್ತದೆ. ಅದಕ್ಕೇ ಸೋಮವಾರದಿಂದಲೇ ಅವಳಿಗೆ ಬರೀ ರೊಟ್ಟಿ, ಕಪ್ಪು ಚಹಾ. ಆದರೆ ಆ ಮಂಗಳವಾರ ಬೆಳಿಗ್ಗೆ ತಮ್ಮನಿಗೆ ಗೊತ್ತಾದ ಹುಡುಗಿಯ ಕಡೆಯ ಬೀಗರು ಅವನ ಮನೆಗೆ ಬಂದಿದ್ದರು. ಸಂಬಂಧ ಗಟ್ಟಿಯಾಗಲೆಂದು ಕುರಿಬಾಲದ ಕೊಬ್ಬನ್ನು ಬೀಗರು ಬೀಗರಿಗೆ ಕೈಯಾರೆ ತಿನ್ನಿಸುವುದು ನಮ್ಮ ಪದ್ಧತಿ. ಬೇಡವೆಂದರೆ ಹುಡುಗಿಯನ್ನೇ ಬೇಡವೆಂದಂತೆ. ಜೌರೆಶ್ ನುಂಗಿದಳು.

ಮಧ್ಯಾಹ್ನ ತೆಗೆದ ರಕ್ತ ಮಬ್ಬಾಗಿತ್ತು. ಅದರ ಫಲಿತಾಂಶ ನೋಡಲು ಯೋಜನೆಯ ಪರೀಕ್ಷಕರು ಮರುದಿನ ಬೆಳಿಗ್ಗೆಯೇ ಬರುವವರಿದ್ದರು. ಅಗಾಯ್ ಸಿಡಿಮಿಡಿಗೊಂಡು ನನ್ನ ರಕ್ತ ತೆಗೆಸಿ ಹಾಯಿಸಿದರು. ಜೀವಕೋಶಗಳೆಲ್ಲ ತಪ್ಪು ಕಾಲುವೆಗೆ ನುಗ್ಗಿದವು.

“ನೋಡಿದ್ಯೇನಮ್ಮ? ನೀನಿಲ್ದೆ ನಡೆಯಲ್ಲ,” ಎಂದರು.

ಅವಳ ಮುಖ ನೋಡಲಾಗದೆ ನಾನು ಬಾಯಿಬಿಟ್ಟೆ. “ಅಗಾಯ್, ಅಕ್ಕನ ರಕ್ತಕ್ಕೆ ಇದನ್ನ ಹೊಂದಿಸಿದ್ದು ನಾನು. ಬೇರೆಯವರದಕ್ಕೂ ಹೊಂದಿಸ್ಬಹುದು. ಎರಡು ದಿನ ಸಾಕು.”

ಜೌರೆಶ್ ನನ್ನ ಕಡೆ ತಿರುಗಿದಳು. “ಎರಡೇ ದಿನಾನಾ, ಯೆಸ್ಬೋಲ್? ಇಷ್ಟು ವರ್ಷ ಗೊತ್ತಿತ್ತಾ ನಿಂಗೆ?”

ಗೊತ್ತಿತ್ತು. ಪ್ರತಿ ಹೊಸ ರಕ್ತಕ್ಕೂ ಮತ್ತೆ ಮೊದಲಿಂದ ಹೊಂದಿಸುತ್ತ ಕೂರಲು ನನಗೆ ಬೇಜಾರು. ಅಷ್ಟೇ ಕಾರಣ.

ಅಗಾಯ್ ಮಬ್ಬು ರಕ್ತದ ನಳಿಗೆಯನ್ನು ಪಕ್ಕಕ್ಕಿಟ್ಟರು. ಆಮೇಲೆ ಮೆತ್ತಗೆ, ಪರೀಕ್ಷಕರು ನಾಳೆಯೇ ಬರುತ್ತಾರಲ್ಲ, ಎರಡು ದಿನ ಎಲ್ಲಿಂದ ತರುವುದು ಎಂದರು. “ಇದೊಂದ್ಸಲ, ಜೌರೆಶ್. ಇವತ್ತಿನ್ನು ಏನೂ ತಿನ್ಬೇಡ, ಬೆಳಿಗ್ಗೆ ಮತ್ತೆ ರಕ್ತ ಕೊಡು.”

ಅವಳು ಬೈಯಲಿಲ್ಲ, ಅಳಲಿಲ್ಲ. ಫೋನ್ ತೆಗೆದು ಗಂಡನಿಗೆ ಹೇಳಿದಳು:

“ಗುರುವಾರ ಸ್ಟೇಷನ್‌ಗೆ ಬರ್ಬೇಡಿ.”