ಗಂಜಿ ಮಾವನ ತಡೆಯಾಜ್ಞೆ

ನಮ್ಮಮ್ಮನ ಅಣ್ಣನಿಗೆ ಗಂಜಿ ಮಾವ ಎಂದೇ ಹೆಸರು. ಸರ್ಕಾರಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಗುತ್ತಿಗೆ ಅವನದು. ಮನೆಯ ಕರವಸ್ತ್ರಕ್ಕೂ ಗಂಜಿ ಹಾಕುವ ಆಸಾಮಿ; ಮೂಗು ಒರೆಸಿಕೊಂಡರೆ ಗೀರು ಬೀಳುತ್ತಿತ್ತು. ಸ್ವಭಾವವೂ ಅಷ್ಟೇ ಬಿರುಸು. ಕಲೆ ಉಳಿದ ಬಟ್ಟೆಯನ್ನು ಮತ್ತೆ ಕುದಿಯುವ ನೀರಿಗೆ ಹಾಕುತ್ತಿದ್ದನೇ ಹೊರತು, ಮಡಿಕೆಯೊಳಗೆ ಮುಚ್ಚಿಟ್ಟು ಕಣ್ಣಿಗೆ ಮಣ್ಣೆರಚಿದವನಲ್ಲ.

ಒಂದು ವರ್ಷ ಟೆಂಡರ್ ಯಂತ್ರದಲ್ಲಿ ಬಟ್ಟೆ ಒಗೆಯುವ ಕಂಪನಿಯೊಂದಕ್ಕೆ ಹೋಯಿತು. ದರ ಕಡಿಮೆ ಎಂಬ ಕಾರಣಕ್ಕಾಗಿದ್ದರೆ ಮಾವ ಸುಮ್ಮನಿರುತ್ತಿದ್ದ. ಆದರೆ ಆಸ್ಪತ್ರೆಯ ಬಟ್ಟೆ ಒಗೆದ ಅನುಭವ ಇರಬೇಕೆಂಬ ಷರತ್ತನ್ನು ಅಧಿಕಾರಿಗಳು ಆ ಕಂಪನಿಗೆ ಮಾತ್ರ ಸಡಿಲಿಸಿದ್ದರು. ಕೇಳಲು ಹೋದರೆ ಗುಮಾಸ್ತ, "ಬಟ್ಟೆ ಒಗೆಯೋಕೂ ಅನುಭವ ಬೇಕೇನ್ರೀ? ನೀವೇನು ಆಪರೇಷನ್ ಮಾಡ್ತೀರಾ?" ಎಂದು ನಕ್ಕನಂತೆ.

ಮಾವ ಅಲ್ಲಿಂದ ನೆಟ್ಟಗೆ ವಕೀಲರ ಹತ್ತಿರ ಹೋದ. "ಗುತ್ತಿಗೆ ಹಾಳಾಗ್ಲಿ," ಎಂದ ಅಮ್ಮನಿಗೆ. "ಅವರು ಮಾಡಿದ್ದು ತಪ್ಪು ಅಂತ ಕೋರ್ಟು ಹೇಳ್ಬೇಕು. ನನ್ನ ಮರ್ಯಾದೆ ನನಗೆ ಬೇಕು."

ವಿಚಾರಣೆ ಮುಗಿಯುವವರೆಗೆ ಹೊಸ ಗುತ್ತಿಗೆಗೆ ನ್ಯಾಯಾಲಯ ತಡೆ ಕೊಟ್ಟಿತು. ಮಾವನ ಹಳೆಯ ಗುತ್ತಿಗೆಯ ಅವಧಿಯೂ ಮುಗಿದಿತ್ತು. ಅಲ್ಲಿಗೆ ಒಗೆಯುವವರೇ ಇಲ್ಲವಾದರು. ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ಇಂದಿಗೂ ಮೈ ಉರಿಯುತ್ತದೆ.

ವಾರ್ಡಿನ ಹಿರಿಯ ನರ್ಸ್ ಮನೆಗೇ ಬಂದರು. "ಕೇಸು ಅದರ ಪಾಡಿಗೆ ನಡೀಲಿ. ಅಲ್ಲೀವರೆಗೆ ಒಗೆದು ಕೊಡಿ, ಕೈ ಮುಗೀತೀನಿ."

ಮಾವನ ಮನಸ್ಸು ಕರಗಿತ್ತು. ವಕೀಲರು ಬಿಡಲಿಲ್ಲ. "ತಡೆ ತಂದು ಹಿಂಬಾಗಿಲಿಂದ ಕೆಲಸ ಹೊಡ್ಕೊಂಡ ಅಂತಾರೆ. ಕೇಸು ಬಿದ್ದೇ ಹೋಗುತ್ತೆ," ಎಂದರು. ಮಾವ ನರ್ಸಿಗೆ, "ಸ್ವಲ್ಪ ತಡ್ಕೊಳ್ಳಿ ಸಿಸ್ಟರ್," ಎಂದ. ಅವರು ನೀರೂ ಮುಟ್ಟದೆ ಎದ್ದು ಹೋದರು.

ಅದೇ ಸಮಯಕ್ಕೆ ಅಮ್ಮ ಮೆಟ್ಟಿಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಅದೇ ವಾರ್ಡು ಸೇರಿದಳು. ಮನೆಯವರಿದ್ದ ರೋಗಿಗಳ ಮಂಚದ ಮೇಲೆ ಕಿಟಕಿ ಪರದೆ, ಹಳೆಯ ಸೀರೆ, ಕೈಗೆ ಸಿಕ್ಕಿದ್ದು. ಪಕ್ಕದ ಮಂಚದ ಅಜ್ಜಿಗೆ ಹಿಂದುಮುಂದು ಯಾರೂ ಇರಲಿಲ್ಲ. ಬರೀ ರೆಕ್ಸಿನ್ ಮೇಲೆ ಮಲಗಿ, ಬೆವರಿಗೆ ಅಂಟಿ, ಬೆನ್ನು ಹುಣ್ಣಾಗಿತ್ತು. ನಮ್ಮ ಮನೆಯ ಹಳೆಯ ಸೀರೆಯೊಂದನ್ನು ಆಕೆಗೆ ಹಾಸಿದೆ. ಸಂಜೆಯೊಳಗೆ ಅದೂ ಕೀವು ಹತ್ತಿ ಹಾಳಾಯಿತು. ಮಗ್ಗುಲು ಬದಲಿಸಿದಾಗಲೆಲ್ಲ ಆಕೆ, "ಯಾವ ಪಾಪಿ ಕೋರ್ಟಿಗೆ ಹೋದ್ನೋ, ಅವನ ಬೆನ್ನೂ ಹೀಗೇ ಸುಲೀಲಿ," ಎನ್ನುತ್ತಿದ್ದಳು.

ಅಮ್ಮ ನನ್ನ ಕೈ ಹಿಡಿದು, "ಮಾವ ಇಲ್ಲಿಗೆ ಬರೋದು ಬೇಡ ಅಂತ ಹೇಳು," ಎಂದಳು.

ಕೊನೆಗೂ ತೀರ್ಪು ಬಂತು. ಯಾರು ಚೆನ್ನಾಗಿ ಒಗೆಯುತ್ತಾರೆಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ, ನಿಯಮ ಎಲ್ಲರಿಗೂ ಒಂದೇ ಆಗಿತ್ತೇ ಎಂದಷ್ಟೇ ನೋಡುತ್ತೇವೆ, ಇಲ್ಲಿ ಹಾಗಿರಲಿಲ್ಲ ಎಂದರು ನ್ಯಾಯಾಧೀಶರು. ಗುತ್ತಿಗೆ ರದ್ದು, ಹೊಸದಾಗಿ ಟೆಂಡರ್ ಕರೆಯಬೇಕು.

ಬೇಡವೆಂದರೂ ಮಾವ ಏದುಸಿರು ಬಿಡುತ್ತ ವಾರ್ಡಿಗೇ ಬಂದ. "ಗೆದ್ದೆ ಕಣಮ್ಮಾ! ಮರ್ಯಾದೆ ಉಳೀತು!"

ಅಮ್ಮ ಪಕ್ಕದ ಮಂಚದ ಕಡೆ ನೋಡಿದಳು. ಅದು ಖಾಲಿಯಿತ್ತು.

"ಆ ಅಜ್ಜಿ ನಿನ್ನೆ ಹೋಗಿಬಿಟ್ರು. ಕೋರ್ಟಿಗೆ ಹೋದವನು ಯಾರು ಅಂತ ದಿನಾ ಕೇಳೋರು. ನನ್ನ ಅಣ್ಣ ಅಂತ ಹೇಳೋಕೆ ನನಗೆ ಬಾಯೇ ಬರ್ಲಿಲ್ಲ ಅಣ್ಣಾ."

ಹೊಸ ಟೆಂಡರಿಗೆ ಮಾವ ಅರ್ಜಿ ಹಾಕಲಿಲ್ಲ.