ಸಂತೆ ಬಿಟ್ಟ ಕಲ್ಲೂರು

ಮೊನ್ನೆ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದಿತ್ತು. ಸಿಂಧನೂರಿನ ಸುತ್ತ ಕಾಲುವೆ ತುಂಬಿ ಹರಿಯುವಾಗಲೂ ನಮ್ಮ ನಲ್ಲಿಗೆ ಮಾತ್ರ ಅದರ ಸುದ್ದಿ ಮುಟ್ಟುವುದಿಲ್ಲ. ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಡ್ರೈವರ್ ದಪ್ಪ ಪೈಪು ಎಳೆದು ಬಿಟ್ಟಾಗ ಮೊದಲು ಬಂದದ್ದು ನೀರಲ್ಲ, ವಾಸನೆ. ಬಿಸಿಲಿಗೆ ಕಾದ ರಬ್ಬರು, ಡೀಸೆಲ್ಲು, ಉಗುರುಬೆಚ್ಚಗಿನ ನೀರು... ಮೂರೂ ಕೂಡಿದ ಆ ವಾಸನೆ. ಕೊಡ ತುಂಬಿ ಕಾಲ ಮೇಲೆ ಚೆಲ್ಲುತ್ತಿದ್ದರೂ ನನಗೆ ಖಬರಿರಲಿಲ್ಲ. ಹಿಂದಿದ್ದವಳು ಬೆನ್ನು ತಟ್ಟಿ, "ಏ ಅಕ್ಕಾ, ಎಲ್ಲಿ ಅದೀ?" ಎಂದಳು. ಎಲ್ಲಿದ್ದೆನೆಂದು ಅವಳಿಗೆ ಹೇಗೆ ಹೇಳಲಿ? ಒಮಾನಿನಲ್ಲಿದ್ದೆ.

ಅಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ನನ್ನ ಗಂಡ ಸಿಂಧನೂರಿನ ಪಕ್ಕದ ಗೊರೇಬಾಳದವರು. ರಸ್ತೆ ಮಾಡುವ ಕಂಪನಿಯೊಂದರಲ್ಲಿ ಟಿಪ್ಪರು, ರೋಲರು ರಿಪೇರಿ ಮಾಡುತ್ತಿದ್ದರು. ಕಟಿಂಗ್ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಮನೆ. ಸಿಂಧನೂರಿನಲ್ಲಿ ನೆಂಟರು "ಫಾರಿನ್ನಿನಾಗ ಅದಾರ" ಎಂದು ಹುಬ್ಬೇರಿಸಿ ಹೇಳುತ್ತಿದ್ದರಂತೆ. ನಮ್ಮ ಫಾರಿನ್ನು ಇಷ್ಟೇ: ನಸುಕಿನಲ್ಲಿ ಗಂಡನ ಊಟದ ಡಬ್ಬಿ, ಆರಕ್ಕೆ ಇಬ್ಬರು ಹೆಣ್ಣುಮಕ್ಕಳ ಸ್ಕೂಲ್ ಬಸ್ಸು, ಆಮೇಲೆ ಮುಚ್ಚಿದ ಕಿಟಕಿ, ಗುರುಗುಟ್ಟುವ ಎ.ಸಿ. ಮತ್ತು ನಾನು. ಸೂಟ್‌ಕೇಸಿನಲ್ಲಿ ಹೊತ್ತು ತಂದ ಜೋಳದ ಹಿಟ್ಟು ಇರುವಷ್ಟು ದಿನ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಮನೆಯ ಈಜಿಪ್ಟಿನ ಹೆಂಗಸು ಗೋಡೆಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆಂದು ಎರಡು ಸಲ ಜಗಳಕ್ಕೇ ಬಂದಿದ್ದಳು.

ಅದೇ ಸದ್ದು ಕೇಳಿ ಇನ್ನೊಬ್ಬರೂ ಬಂದರು. ಚಳಿಗಾಲ, ಕಿಟಕಿ ತೆರೆದಿದ್ದೆ. ಕೆಳಗೆ ನಮ್ಮ ಕಟ್ಟಡಕ್ಕೆ ನೀರು ತುಂಬಲು ಟ್ಯಾಂಕರ್ ನಿಂತಿತ್ತು. ಇದ್ದಕ್ಕಿದ್ದಂತೆ ಕೆಳಗಿನಿಂದ ಕೂಗು: "ಯಾರವ್ವಾ ಅದು ರೊಟ್ಟಿ ಬಡ್ಯಾಕತ್ತೋರು? ನಮ್ ಕಡ್ಯಾರೇನು?"

ಮನೆಯವರ ಬಾಯಲ್ಲಿ ಬಿಟ್ಟರೆ ವರ್ಷಗಟ್ಟಲೆ ಕೇಳದ ಮಾತು. ನನಗೆ ನಗುವೂ ಬಂತು, ಅಳುವೂ ಬಂತು. ಮೇಲಕ್ಕೆ ಕರೆದೆ. ಪೈಪಿನ ನೀರಿನಲ್ಲೇ ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿಯ ಗುರುತಿದ್ದ ಐವತ್ತರ ಆಸುಪಾಸಿನ ಟ್ಯಾಂಕರ್ ಡ್ರೈವರ್ ಬಾಗಿಲಲ್ಲಿ ನಿಂತರು. ಯಾವ ಊರೆಂದೆ. "ಕಲ್ಲೂರು," ಎಂದರು. ಆ ಕಡೆಯವಳಾದ ನನಗೆ ಅದು ಸಾಲದು. ರಾಯಚೂರು ದಾಟಿದರೆ ಸಿರವಾರದ ಕಡೆ ಒಂದು ಕಲ್ಲೂರಿದೆ, ಮಸ್ಕಿಯ ಕಡೆ ಸಂತೆಕಲ್ಲೂರಿದೆ. ಯಾವುದೆಂದು ಕೇಳಿದೆ. "ಸಂತಿಕಲ್ಲೂರವ್ವ. ನಾವು ಊರಾನ ಮಂದಿ ಬರೇ ಕಲ್ಲೂರ ಅಂತೀವಿ."

"ಮತ್ತ ಸಂತಿ ಎಲ್ಲಿ ಬಿಟ್ಟು ಬಂದ್ರಿ ಅಣ್ಣಾ?" ಎಂದು ಛೇಡಿಸಿದೆ.

"ಸಂತಿ ಊರಾಗೈತಿ ತಂಗೆವ್ವ. ಕಲ್ಲು ಅಷ್ಟ ಇಲ್ಲಿಗಿ ಬಂದೈತಿ," ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಕಲ್ಲೂರಣ್ಣ ಎಂದೇ ಹೆಸರಾಯಿತು. ಮಕ್ಕಳಿಗೆ ಕಲ್ಲೂರು ಮಾಮ. ಆರು ವರ್ಷ ಆ ಹೆಸರನ್ನು ಎಷ್ಟು ಸಲ ಕರೆದಿದ್ದೇನೋ... ನಿಜವಾದ ಹೆಸರು ಕೇಳಿದರೆ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಗಲ್ಫಿನಲ್ಲಿ ಚಳಿಗಾಲವೆಂದರೆ ಮನುಷ್ಯರು ಹೊರಗೆ ಬರುವ ಕಾಲ. ಡಿಸೆಂಬರಿನ ಕೊನೆಗೆ ಶಾಲೆಗೆ ಎರಡು ವಾರ ರಜೆ. ಸುತ್ತಲಿನವರು ವಿಮಾನ ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿದ್ದರು. ನಾವು ಗಂಡನ ಕಂಪನಿಯ ಪಿಕಪ್ ಕೇಳಿ ಪಡೆದು ಬೆಟ್ಟದ ಬುಡದ ವಾದಿಗೆ ಹೋಗುತ್ತಿದ್ದೆವು. ವಾದಿ ಎಂದರೆ ಹಳ್ಳ. ಮಳೆ ಬಂದಾಗ ಮಾತ್ರ ನೀರು, ಉಳಿದಂತೆ ಬರೀ ಕಲ್ಲು. ಕಲ್ಲೂರಣ್ಣ ಟ್ಯಾಂಕರಿನ ಪಾಳಿ ಬದಲಿಸಿಕೊಂಡು ನಮ್ಮ ಜೊತೆ ಬರುತ್ತಿದ್ದರು. ಅವರೇ ಹಟ ಮಾಡಿ ಆ ದಿನವನ್ನು ಎಳ್ಳಮಾವಾಸ್ಯೆಗೆ ಹೊಂದಿಸುತ್ತಿದ್ದರು.

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆದು ನಿಂತ ಜೋಳದ ನಡುವೆ ಪೂಜೆ ಮಾಡಿ, ಉಣ್ಣುವ ಮೊದಲು ಭೂಮಿತಾಯಿಗೆ ಸುತ್ತಲೂ ತುತ್ತು ಚೆಲ್ಲುತ್ತಾರೆ. ಅದೇ ಚರಗ. ಅಣ್ಣ ಒಮಾನಿನ ಕಲ್ಲಿನ ಮೇಲೆ ಚರಗ ಚೆಲ್ಲಿದರು! ನಾನು ಮಾಡಿದ ಕಡುಬು, ಭಜ್ಜಿ, ರೊಟ್ಟಿಚೂರು ಕಲಸಿ, "ಹುಲ್ಲುಲ್ಲಿಗೋ..." ಎಂದು ಚರಗದ ಕೂಗು ಹಾಕಿ ಎಸೆಯುವರು. ನನ್ನ ಮಕ್ಕಳು ಹಿಂದೆ ಹಿಂದೆ ಓಡುತ್ತ, "ಚೆಲ್ಲಂಬ್ರಿಗೋ..." ಎಂದು ಒದರುವರು. ಪಿಕ್ನಿಕ್ಕಿಗೆ ಬಂದ ಅರಬರ ಕುಟುಂಬಗಳು ಕುರಿಮಾಂಸ ಸುಡುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು. "ಇಲ್ಲಿ ಬೆಳಿ ಎಲ್ಲೈತಿ ಮಾಮಾ?" ಎಂದು ನನ್ನ ದೊಡ್ಡ ಮಗಳು ಕೇಳಿದಳು. ಅಣ್ಣ ಸುತ್ತ ನೋಡಿ, "ಭೂಮಿ ಅಂತೂ ಐತೆಲ್ಲವಾ," ಎಂದರು. ಆ ದಿನ ಮಾತ್ರ ಅವರು ಹೊಟ್ಟೆ ತುಂಬ ಉಣ್ಣುತ್ತಿದ್ದರೆಂದು ನನಗೆ ಅನಿಸುತ್ತಿತ್ತು.

ಊಟವಾದ ಮೇಲೆ ಊರಿಗೆ ಫೋನು. ಅಣ್ಣನ ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರಿನಲ್ಲಿ ತಾಯಿ, ಜೊತೆಗೆ ತಂಗಿ ಮತ್ತು ತಂಗಿಯ ಗಂಡ. ತಂಗಿ ಹೊಲದಲ್ಲೇ ನಿಂತು ವಿಡಿಯೋ ಕಾಲ್ ಮಾಡಿ ತಾಯಿಯ ಮುಂದೆ ಹಿಡಿಯುತ್ತಿದ್ದಳು. ಮುದುಕಿಗೆ ಕಣ್ಣು ಮಂಜು. ಮಗನ ಮುಖವನ್ನು ಬೆರಳಿನಿಂದ ಸವರುವಳು, ಕಾಲ್ ಕಟ್ಟಾಗುವುದು. ಮತ್ತೆ ಹಚ್ಚಿದರೆ ಮತ್ತೆ ಸವರುವಳು. "ಇದು ಮಾರಿ ಅಲ್ಲೋ, ಗಾಜು. ತಣ್ಣಗ ಹತ್ತತೈತಿ. ಎಳ್ಳಮಾಸಿಗಿ ಬಾ. ಮಾರಿ ತೋರ್ಸಿ ಹೋಗು, ಸಾಕು," ಎನ್ನುವಳು. ಅಣ್ಣ ಹ್ಞೂಂ ಎನ್ನುವರು. ತಂಪಿನ ಕಾಲದಲ್ಲೇ ಅಲ್ಲಿ ಕೆಲಸ ಜೋರು, ಹಾಗಾಗಿ ಚಳಿಗಾಲದಲ್ಲಿ ಅವರಿಗೆ ರಜೆ ಸಿಕ್ಕಿದ್ದೇ ಇಲ್ಲ. ಕೊನೆಕೊನೆಗೆ ಮೂರು ವರ್ಷ ಊರ ಮುಖವನ್ನೇ ಕಂಡಿರಲಿಲ್ಲ.

ಆರನೆಯ ವರ್ಷ ಕೊನೆಗೂ ಚಳಿಗಾಲದಲ್ಲಿ ರಜೆ ಸಿಕ್ಕಿತು. ಅರ್ಜಿ ಬರೆದುಕೊಟ್ಟವಳು ನಾನೇ. ಮದುವೆಗೆ ಮುಂಚೆ ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ನಮ್ಮ ಕಡೆಯವರಿಗೆಲ್ಲ ಇಂಗ್ಲಿಷಿನಲ್ಲಿ ಏನೇ ಬರೆಯಬೇಕಾದರೂ ನಾನೇ ಬೇಕು. ನನಗೆ ಅದರ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ. ಅಣ್ಣ ತಾಯಿಗೆಂದು ಕಂದು ಬಣ್ಣದ ದಪ್ಪ ಕಂಬಳಿ ತಂದು, "ಮೆತ್ತಗೈತೇನು ಮುಟ್ಟಿ ನೋಡು ತಂಗೆವ್ವ," ಎಂದು ನನ್ನ ಕೈಯಲ್ಲಿಟ್ಟರು. "ಈ ಸಲ ವಾದಿಗಿ ನೀವ ಹೋಗ್ರಿ. ನಾ ಖರೇ ಹೊಲದಾಗ ಚರಗ ಚೆಲ್ತೀನಿ."

ಎಳ್ಳಮಾವಾಸ್ಯೆಗೆ ಎಂಟು ದಿನ ಇರುವಾಗ, ಬೆಳಿಗ್ಗೆ, ನೀರು ತುಂಬಿಸುವ ಪಾಳಿಯಲ್ಲಿ ಅಣ್ಣನ ಟ್ಯಾಂಕರ್ ಮುಂದೆ ಸರಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಬೈದರು. ಇಳಿದು ಬಂದು ನೋಡಿದರೆ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದರು. ಎದೆ ನಿಂತಿತ್ತು.

ಗಂಡ ಆಸ್ಪತ್ರೆಗೆ ಓಡಿದರು. ಮಕ್ಕಳನ್ನು ಬಿಟ್ಟು ನಾನು ಹೋಗಲಿಲ್ಲ. ಮೂರನೆಯ ದಿನ ಗಂಡನ ಫೋನು: "ಪಾಸ್‌ಪೋರ್ಟಿನಾಗ ಲಿಂಗಸುಗೂರಿನ ಏಜೆಂಟನ ವಿಳಾಸ ಐತಿ, ಅದು ನಡಿಯಂಗಿಲ್ಲ. ಹೈದರಾಬಾದಿನಿಂದ ಆಂಬುಲೆನ್ಸು ನೆಟ್ಟಗ ಊರಿಗೇ ಹೋಗ್ತೈತಿ. ಊರಿನ ವಿಳಾಸ ಇಂಗ್ಲಿಷಿನಾಗ ಬರ್ದು ಕಳ್ಸು, ಲಗೂ." ಮಗಳ ನೋಟ್‌ಬುಕ್ಕಿನ ಹಾಳೆ ಹರಿದೆ. ಅಳುತ್ತಲೇ ದುಂಡಗೆ ಬರೆದೆ. ಹೆಸರು. ತಂದೆಯ ಹೆಸರು. ಊರು, ಕಲ್ಲೂರು. ಜಿಲ್ಲೆ, ರಾಯಚೂರು. ಕೊನೆಗೆ ತಂಗಿಯ ಫೋನ್ ನಂಬರು. ಫೋಟೋ ತೆಗೆದು ಕಳಿಸಿದೆ. ಊರಿಗೆ ನಾವು ಕರೆಯುತ್ತಿದ್ದ ಹೆಸರನ್ನೇ ಬರೆದಿದ್ದೆ. ತಪ್ಪಾಯಿತೆಂದು ಆಗ ನನಗೆ ಹೊಳೆಯಲೇ ಇಲ್ಲ.

ಅಣ್ಣ ಹೈದರಾಬಾದಿನಲ್ಲಿ ಇಳಿದದ್ದು ಎಳ್ಳಮಾವಾಸ್ಯೆಯ ದಿನವೇ. ಆಂಬುಲೆನ್ಸಿನ ಡ್ರೈವರ್ ತೆಲುಗಿನವನು. ರಾಯಚೂರು ದಾಟಿ, ಮುಂಜಾನೆ ಹನ್ನೊಂದಕ್ಕೆಲ್ಲ ಕಲ್ಲೂರು ಎಂಬ ಬೋರ್ಡು ಕಂಡು ಗಾಡಿ ತಿರುಗಿಸಿದ. ಊರಿಗೆ ಊರೇ ಖಾಲಿ, ಮನೆಮನೆಗೆ ಬೀಗ. ಗುಡಿಯ ಕಟ್ಟೆಯ ಮೇಲಿದ್ದ ಮುದುಕರು ಹೆಸರು ಕೇಳಿ, ಆ ಮನೆತನ ತಮ್ಮೂರಲ್ಲಿ ಎರಡಿವೆ, ಎಲ್ಲರೂ ಹೊಲಕ್ಕೆ ಹೋಗಿದ್ದಾರೆ, ಚರಗ ಚೆಲ್ಲಿ ಬರುತ್ತಾರೆ, ತಡಿ ಎಂದರು. ಅವನು ತಂಗಿಗೆ ಫೋನು ಹಚ್ಚಿದ. ನಸುಕಿನಿಂದ ನೆಂಟರೊಂದಿಗೆ ಮಾತಾಡಿ ಮಾತಾಡಿ ಅವಳ ಫೋನಿನ ಚಾರ್ಜು ಸತ್ತುಹೋಗಿತ್ತು. ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ ಕಾದ.

ಇಳಿಹೊತ್ತಿಗೆ ಜನ ಬಂದರು. ಯಾರ ಮನೆಯವನೂ ಅಲ್ಲವೆಂದು ಗೊತ್ತಾದ ಮೇಲೂ ಅವರು ಸುಮ್ಮನೆ ಕಳಿಸಲಿಲ್ಲವಂತೆ. ಹೆಂಗಸರು ಪೆಟ್ಟಿಗೆಗೆ ವಿಭೂತಿ ಹಚ್ಚಿದರು, ಹೊಲದಿಂದ ತಂದ ಸೇವಂತಿಗೆ ಇಟ್ಟರು, ಪರಿಚಯವಿಲ್ಲದವನಿಗಾಗಿ ಅತ್ತರು. ಆಮೇಲೆ ಮೇಷ್ಟ್ರೊಬ್ಬರು ಪಾಸ್‌ಪೋರ್ಟಿನ ಪ್ರತಿಯಲ್ಲಿ ಲಿಂಗಸುಗೂರು ಎಂದಿದ್ದನ್ನು ಕಂಡು, "ಹಂಗಾದ್ರ ಇದು ಲಿಂಗಸುಗೂರ ಕಡೆ ಸಂತಿಕಲ್ಲೂರು ಇರಬೇಕಲೇ," ಎಂದು ದಾರಿ ಹೇಳಿ ಕಳಿಸಿದರು.

ಸಂತೆಕಲ್ಲೂರಿನಲ್ಲಿ ಆ ದಿನ ಅಣ್ಣನ ಹೊಲದಲ್ಲಿ ಚರಗವಿರಲಿಲ್ಲ. ಜೋಳದ ನಡುವೆ ಕುಣಿ ತೋಡಿದ್ದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು, ಅದಕ್ಕೆ ತಕ್ಕ ಕುಣಿ. ಮಧ್ಯಾಹ್ನಕ್ಕೆ ಗಾಡಿ ಬರುತ್ತದೆ, ಪೆಟ್ಟಿಗೆ ತೆಗೆದು ಮುಖ ತೋರಿಸುತ್ತೇವೆಂದು ತಾಯಿಯನ್ನು ಕುಣಿಯ ಪಕ್ಕ ಕೂಡಿಸಿದ್ದರು. ಗಾಡಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಎಂಟು ದಿನದ ದೇಹ, ದಿನವೆಲ್ಲ ಕಾದ ಪೆಟ್ಟಿಗೆ, ಅಮಾವಾಸ್ಯೆಯ ಕತ್ತಲು. ತೆಗೆಯುವುದು ಬೇಡವೆಂದರು ಹಿರಿಯರು. ಗಡಿಬಿಡಿಯಲ್ಲಿ ಕುಣಿಯನ್ನು ಉದ್ದ ಅಗೆದು ಪೆಟ್ಟಿಗೆಯನ್ನು ಹಾಗೆಯೇ ಇಳಿಸಿದರು. ಕೂರಬೇಕಾದವರು ಮಲಗಿಯೇ ಹೋದರು. ತಾಯಿ ಮುಚ್ಚಳವನ್ನು ಸವರುತ್ತ, "ಒಂದು ಸಲ ತೆಗೀರಪ್ಪಾ, ಮಾರಿ ನೋಡ್ತೀನಿ," ಎನ್ನುತ್ತಲೇ ಇದ್ದಳಂತೆ... ಮರುದಿನ ತಂಗಿ ಫೋನಿನಲ್ಲಿ ಇದನ್ನೆಲ್ಲ ಹೇಳಿ, "ವಿಳಾಸ ಯಾರು ಬರ್ದಿದ್ರೋ ಏನೋ ಅಕ್ಕಾ," ಎಂದಳು. ಅವ್ವ ಏನಾದರೂ ಉಂಡಳೇನು ಎಂದು ಕೇಳಿ ಫೋನಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ, ಮಸ್ಕಿಯಲ್ಲಿ ಬಸ್ಸಿಳಿದು ಶೇರಿಂಗ್ ಆಟೋ ಹಿಡಿದು ಸಂತೆಕಲ್ಲೂರಿಗೆ ಹೋದೆ. ಒಪ್ಪಿಕೊಂಡುಬಿಡಬೇಕು, ಬೈದರೆ ಬೈಯಿಸಿಕೊಳ್ಳಬೇಕು ಎಂದೇ ಹೋದೆ. ಮುದುಕಿ ಒಳಗಿನ ಕಟ್ಟೆಯ ಮೇಲೆ, ಆ ಬಿಸಿಲಲ್ಲೂ ಪೆಟ್ಟಿಗೆಯ ಜೊತೆ ಬಂದ ಕಂದು ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಮಾನಿನವಳು ಎಂದು ತಂಗಿ ಹೇಳಿದ್ದೇ ತಡ, ಕೈ ಚಾಚಿ ನನ್ನ ಮುಖ ಹಿಡಿದಳು. ಹಣೆ, ಕಣ್ಣು, ಕೆನ್ನೆ ಎಲ್ಲ ಸವರಿದಳು. ನನಗಿಂತ ಮೊದಲು ಅವಳೇ ಮಾತಾಡಿದಳು.

"ನೀ ಅಲ್ಲೇ ಇದ್ದಿಯಂತಲ್ಲವಾ. ಕಡೀಕ ಮಾರಿ ನೋಡಿದಾಕಿ ನೀನ. ಹೆಂಗಿತ್ತು ನನ್ ಮಗನ ಮಾರಿ? ಹೇಳು."

ನಾನು ನೋಡಿರಲಿಲ್ಲ. ನಾನು ಮನೆಯಲ್ಲಿ ಕೂತು ದುಂಡಗೆ ವಿಳಾಸ ಬರೆದಿದ್ದೆ. ಅದನ್ನು ಹೇಳಲು ಬಂದವಳು, "ನಕ್ಕಂಗಿತ್ತಬೇ," ಎಂದುಬಿಟ್ಟೆ. ಅವಳು ಮೆಲ್ಲಗೆ ತಲೆಯಾಡಿಸಿ ಕೈಬಿಟ್ಟಳು. ಅಂದು ಬರೆಯಬೇಕಾದದ್ದನ್ನು ಬಿಟ್ಟಿದ್ದೆ, ಇಂದು ಇಲ್ಲದ್ದನ್ನು ಸೇರಿಸಿದೆ. ಇದಕ್ಕಿಂತ ಹೆಚ್ಚಿನದು ನನ್ನಿಂದ ಆಗಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಈಗ ಮಕ್ಕಳ ಕಾಲೇಜಿಗೆಂದು ಸಿಂಧನೂರಿಗೇ ಬಂದು ನೆಲೆಸಿದ್ದೇವೆ. ಮುದುಕಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಳೆಂದು ತಂಗಿ ಹೇಳಿದಳು. ಕೊನೆಯವರೆಗೂ ಬಂದವರಿಗೆಲ್ಲ, ಮಗನ ಮುಖ ನಕ್ಕಂತಿತ್ತಂತೆ ಎಂದು ಹೇಳುತ್ತಿದ್ದಳಂತೆ. ಇನ್ನು ಒಪ್ಪಿಕೊಳ್ಳಬೇಕೆಂದರೂ ಕೇಳುವವರಿಲ್ಲ.

ಟ್ಯಾಂಕರ್ ಹೋದ ಮೇಲೆ ಓಣಿಯಲ್ಲಿ ಟಯರಿನ ಎರಡು ಒದ್ದೆ ಗೆರೆಗಳಿದ್ದವು, ನೋಡನೋಡುತ್ತಿದ್ದಂತೆ ಆರಿದವು. ಎಳ್ಳಮಾವಾಸ್ಯೆಗೆ ಇನ್ನು ನಾಲ್ಕು ದಿನ. ಕೊಡ ಒಳಗಿಟ್ಟು ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಕೂತೆ. ಕನ್ನಡದಲ್ಲಾದರೆ ನಾನು ಬಿಟ್ಟದ್ದು ಎರಡೇ ಅಕ್ಷರ. ಹೆಸರು, ತಂದೆಯ ಹೆಸರು ಬರೆದೆ. ಊರು: ಸಂತೆಕಲ್ಲೂರು. ತಾಲೂಕು: ಮಸ್ಕಿ. ಜಿಲ್ಲೆ: ರಾಯಚೂರು. ಈ ಹಾಳೆಯನ್ನು ಕಳಿಸುವುದು ಯಾರಿಗೆ ಎಂದು ಮಾತ್ರ ಗೊತ್ತಾಗಲಿಲ್ಲ.